ರಾತ್ರಿ ನಾಲ್ಕು ಸಲ ಏಳುವ ಅಜ್ಜನಿಗೆ ಯಾವ ‘ನೈಸರ್ಗಿಕ’ ಮದ್ದು?

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಒಂದು ಅರ್ಜಿಯ ವಿಚಾರಣೆಯನ್ನು ಮುಗಿಸಿತು. ಪತಂಜಲಿಯ ಜಾಹೀರಾತುಗಳ ವಿರುದ್ಧ ಇಂಡಿಯನ್ ಮೆಡಿಕಲ್ ಅಸೋಸಿಯೇಶನ್ 2022ರಲ್ಲಿ ಹಾಕಿದ್ದ ಅರ್ಜಿ ಅದು. ಅಂದಿನಿಂದ ಓದುಗರಲ್ಲಿ ಒಂದು ಗೊಂದಲ ಉಳಿದಿದೆ. ಇಷ್ಟು ದಿನ ತಪ್ಪು ಅಂತ ಹೇಳುತ್ತಿದ್ದ ಜಾಹೀರಾತುಗಳು ಈಗ ಸರಿಯಾ? ಯಾರು ಬೇಕಾದರೂ ಯಾವ ಕಾಯಿಲೆಗೆ ಬೇಕಾದರೂ ಮದ್ದು ಉಂಟು ಅಂತ ಹೇಳಬಹುದಾ?

ಈ ಪ್ರಶ್ನೆ ಕಾಸರಗೋಡಿನ ಮನೆಗಳಿಗೆ ದೂರದ್ದಲ್ಲ. ಜನಸಂಖ್ಯೆಯಲ್ಲಿ ವಯಸ್ಸಾದವರ ಪಾಲು ದೇಶದಲ್ಲೇ ಜಾಸ್ತಿ ಇರುವ ರಾಜ್ಯ ಕೇರಳ. 2011ರ ಜನಗಣತಿಯಲ್ಲೇ ಇಲ್ಲಿನ ನೂರರಲ್ಲಿ 12.6 ಮಂದಿ 60 ದಾಟಿದವರು. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ತೋಟದ ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ. ಅಜ್ಜನ ಕೈಯಲ್ಲಿರುವ ಫೋನಿಗೆ ಮಲಯಾಳದಲ್ಲೂ ಕನ್ನಡದಲ್ಲೂ ಜಾಹೀರಾತು ಬರುತ್ತದೆ: ‘ಪ್ರಾಸ್ಟೇಟ್ ತೊಂದರೆಗೆ ನೈಸರ್ಗಿಕ ಪರಿಹಾರ’. ಪ್ರಾಸ್ಟೇಟ್ ಎಂದರೆ ಗಂಡಸರಲ್ಲಿ ಮೂತ್ರದ ನಾಳವನ್ನು ಸುತ್ತಿರುವ ಗ್ರಂಥಿ. ರಾತ್ರಿ ನಾಲ್ಕು ಸಲ ಎದ್ದು ಬಚ್ಚಲಿಗೆ ಹೋಗುವವರಿಗೆ ಅದು ತಮಗಾಗಿಯೇ ಬರೆದ ಹಾಗೆ ಕಾಣುತ್ತದೆ. ನಾಚಿಕೆಯಿಂದ ಯಾರಲ್ಲೂ ಹೇಳದ ವಿಷಯ ಅಲ್ವಾ ಇದು.

ಹಾಗಾಗಿ ಎರಡು ವಿಷಯ ಬಿಡಿಸಿ ನೋಡಬೇಕು. ಕಾನೂನು ಏನು ಹೇಳುತ್ತದೆ, ದೇಹ ಏನು ಹೇಳುತ್ತದೆ.

ಕೋರ್ಟು ಮುಗಿಸಿದ್ದು ಯಾವುದನ್ನು?

1954ರಿಂದ ನಮ್ಮಲ್ಲಿ ಒಂದು ಕಾನೂನು ಇದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ ಅಂತ ಅದರ ಹೆಸರು. ಇಂತಿಂಥ ಕಾಯಿಲೆಗಳನ್ನು ಗುಣಪಡಿಸುತ್ತೇವೆ, ತಡೆಯುತ್ತೇವೆ ಅಂತ ಜಾಹೀರಾತು ಹಾಕಲೇಬಾರದು ಎಂದು ಅದರಲ್ಲಿ ಪಟ್ಟಿಯೇ ಇದೆ. 50ಕ್ಕೂ ಹೆಚ್ಚು ಹೆಸರುಗಳಿರುವ ಆ ಪಟ್ಟಿಯಲ್ಲಿ ಕ್ಯಾನ್ಸರ್, ಸಕ್ಕರೆ ಕಾಯಿಲೆಯ ಜೊತೆಗೆ ‘ಪ್ರಾಸ್ಟೇಟ್ ಗ್ರಂಥಿಯ ತೊಂದರೆಗಳು’ ಎಂಬುದೂ ಸ್ಪಷ್ಟವಾಗಿ ಇದೆ. ಈ ಕಾಯಿದೆ ಈಗಲೂ ಜೀವಂತ.

2018ರಲ್ಲಿ ಇದಕ್ಕೆ ಇನ್ನೊಂದು ಬೇಲಿ ಸೇರಿತು. ಔಷಧ ನಿಯಮಗಳ 170ನೇ ನಿಯಮ. ಆಯುರ್ವೇದ, ಸಿದ್ಧ, ಯುನಾನಿ ಮದ್ದುಗಳ ಜಾಹೀರಾತು ಹಾಕುವ ಮೊದಲೇ ರಾಜ್ಯದ ಪರವಾನಗಿ ಅಧಿಕಾರಿಯ ಒಪ್ಪಿಗೆ ಬೇಕು ಎಂದಿತು ಅದು. 2024ರ ಜುಲೈ 1ರಂದು ಕೇಂದ್ರ ಸರಕಾರ ಈ ನಿಯಮವನ್ನು ತೆಗೆದುಹಾಕಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಒಂದು ವರ್ಷದ ಬಳಿಕ ಅರ್ಜಿ ಮುಗಿದಾಗ ಆ ತಡೆಯೂ ಹೋಯಿತು. ತಕರಾರು ಇರುವವರು ಹೈಕೋರ್ಟಿಗೆ ಹೋಗಬಹುದು ಎಂದು ಕೋರ್ಟು ಹೇಳಿತು.

ಅಂದರೆ ಹೋದದ್ದು ಮುಂಚಿತ ಒಪ್ಪಿಗೆಯ ಬೇಲಿ ಮಾತ್ರ. ‘ಪ್ರಾಸ್ಟೇಟ್ ಗುಣಪಡಿಸುತ್ತೇವೆ’ ಎಂದು ಜಾಹೀರಾತು ಹಾಕುವುದು 1954ರಿಂದಲೂ ಅಪರಾಧ, ಇವತ್ತೂ ಅಪರಾಧ. ವ್ಯತ್ಯಾಸ ಇಷ್ಟೇ: ಮೊದಲು ಜಾಹೀರಾತು ಹೊರಬೀಳುವ ಮುಂಚೆ ತಡೆಯಬಹುದಿತ್ತು, ಈಗ ಹೊರಬಿದ್ದ ಮೇಲೆ ಯಾರಾದರೂ ದೂರು ಕೊಟ್ಟು ಕೇಸು ನಡೆಯಬೇಕು. ಅಷ್ಟರೊಳಗೆ ಅದು ಸಾವಿರಾರು ಫೋನುಗಳನ್ನು ಸುತ್ತಿ ಬಂದಿರುತ್ತದೆ.

ಕೇರಳದಲ್ಲಿ ಈ ಕಾಯಿದೆ ಬರೀ ಕಾಗದದಲ್ಲಿ ಉಳಿದಿಲ್ಲ ಎಂಬುದನ್ನೂ ಹೇಳಬೇಕು. ಕಾಸರಗೋಡಿನ ಪಕ್ಕದ ಪಯ್ಯನ್ನೂರಿನ ಕಣ್ಣಿನ ವೈದ್ಯ ಡಾ. ಕೆ.ವಿ. ಬಾಬು ಮಾಹಿತಿ ಹಕ್ಕಿನ ಅರ್ಜಿಗಳ ಮೂಲಕ ಇಂಥ ಜಾಹೀರಾತುಗಳ ಬೆನ್ನು ಹತ್ತಿದವರು. ರಾಜ್ಯದ ಔಷಧ ನಿಯಂತ್ರಣ ಇಲಾಖೆ ಹಲವು ಕಡೆ ಕೇಸು ಹಾಕಿದೆ.

ಕಾನೂನಿನ ಕೈಗೆ ಸಿಗದಿರಲು ಮಾರುವವರು ಹಿಡಿದಿರುವ ದಾರಿ ಬೇರೆ. ‘ಗುಣಪಡಿಸುತ್ತದೆ’ ಎನ್ನುವುದಿಲ್ಲ. ‘ಪ್ರಾಸ್ಟೇಟ್ ಆರೋಗ್ಯಕ್ಕೆ ಬೆಂಬಲ’ ಎನ್ನುತ್ತಾರೆ. ಮದ್ದು ಎನ್ನುವುದಿಲ್ಲ, ಪೂರಕ ಆಹಾರ ಎನ್ನುತ್ತಾರೆ. ಅಂಥ ಡಬ್ಬಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಮುಂದೆ ದಪ್ಪ ಅಕ್ಷರದಲ್ಲಿ ಪ್ರಾಸ್ಟೇಟ್, ಪಕ್ಕದಲ್ಲಿ ಹಸಿರೆಲೆಯ ಚಿತ್ರ. ಹಿಂದೆ, ಸಣ್ಣ ಅಕ್ಷರಗಳ ಸಾಲಿನಲ್ಲಿ ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಎಂದಿರುತ್ತದೆ. ಮದ್ದಾಗಿ ಬಳಸಲು ಅಲ್ಲ ಅಂತ. ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮದಂತೆ ಪೂರಕ ಆಹಾರದ ಡಬ್ಬಿಯ ಮೇಲೆ ಆ ಸಾಲು ಇರಲೇಬೇಕು. ಇಂಗ್ಲಿಷಿನಲ್ಲಿ ಇರುವ ಆ ಸಾಲನ್ನು ಕನ್ನಡ ಶಾಲೆಯಲ್ಲಿ ಓದಿದ ಅಜ್ಜನಿಗೆ ಯಾರೂ ಓದಿ ಹೇಳುವುದಿಲ್ಲ.

ಒಂದು ಹೆಸರಿನ ಕೆಳಗೆ ಮೂರು ತೊಂದರೆ

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಚೀಲದ ಬಾಯಿಯಲ್ಲಿ, ಮೂತ್ರ ಹೊರಬರುವ ನಾಳವನ್ನು ಸುತ್ತುವರಿದು ಕೂತಿರುತ್ತದೆ. ಯೌವನದಲ್ಲಿ ಅದರ ತೂಕ ಸುಮಾರು 20 ಗ್ರಾಂ. ಸಿಪ್ಪೆ ಸಮೇತ ಇರುವ ಸಣ್ಣ ಅಡಿಕೆ ಕಾಯಿಯನ್ನು ನೆನಪು ಮಾಡಿಕೊಳ್ಳಿ, ಅದರ ನಡುವೆ ಒಂದು ತೂತು. ವೀರ್ಯಕ್ಕೆ ಬೇಕಾದ ದ್ರವದ ಒಂದು ಭಾಗ ಅಲ್ಲಿ ತಯಾರಾಗುತ್ತದೆ.

ಇದಕ್ಕೆ ಬರುವ ತೊಂದರೆ ಮುಖ್ಯವಾಗಿ ಮೂರು. ಮೊದಲನೆಯದು ವಯಸ್ಸಿನ ಜೊತೆ ಬರುವ ಊತ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ತಿರುಗುವುದೂ ಇಲ್ಲ. 60ರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ, 85ರ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವಷ್ಟಾದರೂ ಇರುತ್ತದೆ. ಎರಡನೆಯದು ಸೋಂಕು, ಉರಿಯೂತ. ಮೂರನೆಯದು ಕ್ಯಾನ್ಸರ್.

ಜಾಹೀರಾತು ಮಾಡುವ ಮೊದಲ ತಪ್ಪು ಇಲ್ಲೇ. ಮೂರನ್ನೂ ‘ಪ್ರಾಸ್ಟೇಟ್ ತೊಂದರೆ’ ಎಂದು ಒಂದೇ ಚೀಲಕ್ಕೆ ತುಂಬುತ್ತದೆ. ಊತಕ್ಕೆ ಮನೆಯಲ್ಲೇ ಮಾಡಬಹುದಾದದ್ದು ಬೇಕಾದಷ್ಟಿದೆ. ಸೋಂಕಿಗೆ ಡಾಕ್ಟರರ ಮದ್ದೇ ಬೇಕು. ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಹಾಗಾಗಿ ‘ಮೂತ್ರ ಸರಾಗ ಆಗುತ್ತಿದೆ, ನನಗೇನಿಲ್ಲ’ ಎಂದು ಅದರ ವಿಷಯದಲ್ಲಿ ನಿಶ್ಚಿಂತೆಯಿಂದ ಇರಲು ಆಗುವುದಿಲ್ಲ.

ಊತದಲ್ಲೂ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಗ್ರಂಥಿ ದಪ್ಪವಾಗಿ ನಾಳವನ್ನು ಒತ್ತುತ್ತದೆ. ಜೊತೆಗೆ ಗ್ರಂಥಿಯಲ್ಲೂ ಮೂತ್ರಚೀಲದ ಕೊರಳಲ್ಲೂ ಇರುವ ಸ್ನಾಯು ಬಿಗಿಯುತ್ತದೆ. ಈ ಬಿಗಿತ ಒಂದೊಂದು ದಿನ ಒಂದೊಂದು ಥರ. ಅದಕ್ಕೇ ದೊಡ್ಡ ಗ್ರಂಥಿ ಇದ್ದವರು ಕೆಲವೊಮ್ಮೆ ಆರಾಮವಾಗಿರುತ್ತಾರೆ, ಸಣ್ಣ ಗ್ರಂಥಿ ಇದ್ದವರು ಒದ್ದಾಡುತ್ತಾರೆ. ಸ್ಕ್ಯಾನಿನಲ್ಲಿ ಬರುವ ಗಾತ್ರದ ಅಂಕೆ ನೋಡಿ ಹೆದರುವುದಕ್ಕಿಂತ ದಿನನಿತ್ಯದ ತೊಂದರೆ ಎಷ್ಟು ಎಂದು ನೋಡುವುದು ಮುಖ್ಯ.

ಬಾಳೆದಿಂಡು ಎಲ್ಲಿ ಎಡವುತ್ತದೆ

‘ಮೂತ್ರ ಸರಿ ಹೋಗುತ್ತಿಲ್ಲ’ ಎಂದರೆ ಕಾಸರಗೋಡಿನ ಯಾವ ಮನೆಯಲ್ಲೂ ಮೊದಲು ಬರುವ ಉತ್ತರ ಬಾಳೆದಿಂಡು. ಪಲ್ಯವೋ, ರಸವೋ. ಇಲ್ಲದಿದ್ದರೆ ಬೊಂಡ (ಎಳನೀರು), ಬಾರ್ಲಿ ನೀರು, ಕೊತ್ತಂಬರಿ ಜೀರಿಗೆ ಕಷಾಯ. ಬೇಸಗೆಯಲ್ಲಿ ಉರಿಮೂತ್ರಕ್ಕೆ ಇವು ಹಿತ ಕೊಡುತ್ತವೆ. ನೀರು ಕಮ್ಮಿಯಾಗಿ ಮೂತ್ರ ಗಟ್ಟಿಯಾದಾಗ ದ್ರವ ಒಳಗೆ ಹೋದರೆ ಉರಿ ತಗ್ಗುತ್ತದೆ. ಅದರಲ್ಲಿ ತಪ್ಪೇನಿಲ್ಲ.

ಆದರೆ ಪ್ರಾಸ್ಟೇಟ್ ಊತದ ಕಷ್ಟ ಬೇರೆ ಜಾತಿಯದ್ದು. ಅಲ್ಲಿ ಮೂತ್ರ ಕಮ್ಮಿ ತಯಾರಾಗುತ್ತಿಲ್ಲ, ಹೊರಗೆ ಹೋಗುವ ದಾರಿ ಇರುಕಾಗಿದೆ. ತೋಟದ ತೋಡಿಗೆ ಮರಳು ತುಂಬಿ ದಾರಿ ಕಟ್ಟಿದೆ ಅಂದುಕೊಳ್ಳಿ. ಮೇಲಿನಿಂದ ಇನ್ನಷ್ಟು ನೀರು ಬಿಟ್ಟರೆ ಏನಾಗುತ್ತದೆ? ನೀರು ತೋಟಕ್ಕೇ ನುಗ್ಗುತ್ತದೆ. ದಾರಿ ಇರುಕಾಗಿರುವಾಗ ಮೂತ್ರ ಹೆಚ್ಚಿಸುವ ಪಾನೀಯ ಕುಡಿದರೆ ಮೂತ್ರಚೀಲ ಬೇಗ ತುಂಬುತ್ತದೆ, ರಾತ್ರಿ ಏಳುವುದು ಜಾಸ್ತಿಯಾಗುತ್ತದೆ. ಇದನ್ನು ಸಂಜೆ ಏಳು ಗಂಟೆಗೆ ಕುಡಿದರಂತೂ ಹೇಳುವುದೇ ಬೇಡ.

ಇನ್ನೊಂದು ವಿಷಯ ನಮ್ಮ ರಾತ್ರಿ ಊಟದ್ದು. ಕುಚ್ಚಿಲಕ್ಕಿ ಗಂಜಿ ಎಂದರೆ ಅರ್ಧಕ್ಕಿಂತ ಹೆಚ್ಚು ತೆಳಿ. ಅದರ ಮೇಲೆ ಒಂದು ಲೋಟ ಮಜ್ಜಿಗೆ. ಒಂಬತ್ತಕ್ಕೆ ಉಂಡು ಹತ್ತಕ್ಕೆ ಮಲಗಿದರೆ, ಆ ನೀರೆಲ್ಲ ಹನ್ನೆರಡಕ್ಕೂ ಎರಡಕ್ಕೂ ಎಬ್ಬಿಸುತ್ತದೆ. ಅಜ್ಜ ‘ಊಟ ಆದ ಮೇಲೆ ನೀರು ಕುಡಿದೇ ಇಲ್ಲ’ ಎನ್ನುತ್ತಾರೆ. ಅದು ಸತ್ಯವೇ. ಗಂಜಿಯನ್ನು ನೀರೆಂದು ಲೆಕ್ಕ ಹಾಕಿದವರಿಲ್ಲ, ಅಷ್ಟೇ.

ಬಾಳೆದಿಂಡನ್ನು ಬಿಡಿ ಎಂದು ಇದರ ಅರ್ಥವಲ್ಲ. ನಾರು ಇರುವ ಒಳ್ಳೆಯ ತರಕಾರಿ ಅದು. ಮಲಬದ್ಧತೆ ಕಮ್ಮಿ ಮಾಡುತ್ತದೆ, ಮಲಬದ್ಧತೆ ಕಮ್ಮಿಯಾದರೆ ಮೂತ್ರವೂ ಸರಾಗವಾಗುತ್ತದೆ. ಪಲ್ಯ ಮಾಡಿ ಮಧ್ಯಾಹ್ನ ತಿನ್ನಲಿ. ರಸ ಮಾಡಿ ಸಂಜೆ ಕುಡಿಯುವುದು ಬೇಡ.

ಡಬ್ಬಿಯ ಮದ್ದು ಪರೀಕ್ಷೆಗೆ ನಿಂತಾಗ

ಪ್ರಾಸ್ಟೇಟ್ ಡಬ್ಬಿಗಳಲ್ಲಿ ಜಗತ್ತಿನಲ್ಲೇ ಹೆಚ್ಚು ಮಾರಾಟವಾಗುವ ಗಿಡಮೂಲಿಕೆ ಸಾ ಪಾಲ್ಮೆಟೊ. ಅಮೆರಿಕದ ಆಗ್ನೇಯ ಭಾಗದಲ್ಲಿ ಬೆಳೆಯುವ ಕುಳ್ಳ ಮರ, ನಮ್ಮ ಅಡಿಕೆ ತೆಂಗಿನ ಕುಟುಂಬದ್ದೇ. ಅದರ ಹಣ್ಣಿನ ಸಾರ ಕ್ಯಾಪ್ಸೂಲಿನಲ್ಲಿ ಬರುತ್ತದೆ. ಗಲ್ಫಿನಿಂದ ಬರುವ ಮಕ್ಕಳ ಪೆಟ್ಟಿಗೆಯಲ್ಲೂ ಇದು ಇರುತ್ತದೆ.

ಇದನ್ನು ಸರಿಯಾಗಿಯೇ ಪರೀಕ್ಷಿಸಿದ್ದಾರೆ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 225 ಗಂಡಸರು ಒಂದು ವರ್ಷ ಭಾಗವಹಿಸಿದರು. ಅರ್ಧ ಮಂದಿಗೆ ಸಾ ಪಾಲ್ಮೆಟೊ, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಮದ್ದಿಲ್ಲದ ಗುಳಿಗೆ. ಫಲಿತಾಂಶದಲ್ಲಿ ವ್ಯತ್ಯಾಸವೇ ಇರಲಿಲ್ಲ. ‘ಡೋಸು ಸಾಲದು’ ಎಂಬ ವಾದ ಬಂತು. 2011ರಲ್ಲಿ 369 ಮಂದಿಗೆ ಹಂತಹಂತವಾಗಿ ಮೂರು ಪಟ್ಟು ಡೋಸು ಕೊಟ್ಟು ನೋಡಿದರು. ಆಗಲೂ ವ್ಯತ್ಯಾಸ ಕಾಣಲಿಲ್ಲ.

ಎಲ್ಲವೂ ಹೀಗೆ ಸೋತಿಲ್ಲ. ಸಸ್ಯಗಳ ಎಣ್ಣೆಯಲ್ಲಿ ಸಿಗುವ ಬೀಟಾ ಸಿಟೋಸ್ಟೆರಾಲ್ ಎಂಬ ಅಂಶ ನಾಲ್ಕು ಅಧ್ಯಯನಗಳಲ್ಲಿ, ಒಟ್ಟು 519 ಮಂದಿಯಲ್ಲಿ, ಮೂತ್ರದ ಹರಿವನ್ನು ತುಸು ಸುಧಾರಿಸಿತು. ಗ್ರಂಥಿಯ ಗಾತ್ರ ಕಮ್ಮಿಯಾಗಲಿಲ್ಲ. ಅತಿ ದೀರ್ಘ ಅಧ್ಯಯನವೇ ಆರು ತಿಂಗಳಿನದ್ದು. ಚೀನಿಕಾಯಿ (ಸಿಹಿಗುಂಬಳ) ಬೀಜದ ಬಗ್ಗೆ ಜರ್ಮನಿಯಲ್ಲಿ ಸುಮಾರು 1,400 ಮಂದಿಯ ಮೇಲೆ ಒಂದು ವರ್ಷ ಅಧ್ಯಯನ ನಡೆಯಿತು. ಬೀಜದ ಸಾರದ ಕ್ಯಾಪ್ಸೂಲ್ ನುಂಗಿದವರಿಗೆ ಹೇಳುವಂಥ ಲಾಭ ಆಗಲಿಲ್ಲ. ಬೀಜವನ್ನೇ ತಿಂದವರಿಗೆ ತುಸು ಹಿತ ಕಂಡಿತು. ಬೀಜ ತಿನ್ನುವವರಿಗೆ ತಾವು ಬೀಜ ತಿನ್ನುತ್ತಿದ್ದೇವೆ ಎಂದು ಗೊತ್ತಿರುತ್ತದೆ, ಹಾಗಾಗಿ ಅದನ್ನು ಪೂರ್ತಿ ನಂಬಲಾಗದು. ಸಾಂಬಾರಿಗೆ ತಂದ ಚೀನಿಕಾಯಿಯ ಬೀಜವನ್ನು ಬಿಸಾಡುವ ಬದಲು ಒಣಗಿಸಿ ಹುರಿದು ತಿಂದರೆ ನಷ್ಟವೇನೂ ಇಲ್ಲ. ಅದಕ್ಕೆ ಸಾವಿರ ರೂಪಾಯಿ ಕೊಡಬೇಕಾಗಿಲ್ಲ.

ಇನ್ನು ಹಾನಿಯ ಮಾತು. ‘ನೈಸರ್ಗಿಕ, ಹಾಗಾಗಿ ಅಡ್ಡಪರಿಣಾಮ ಇಲ್ಲ’ ಎಂಬ ಸಾಲಿನಷ್ಟು ಅಪಾಯದ ಸಾಲು ಇನ್ನೊಂದಿಲ್ಲ. ವಿಟಮಿನ್ ಇ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯುತ್ತದೆ ಎಂದು ನಂಬಿ 2001ರಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ ಅಧ್ಯಯನ ಶುರು ಮಾಡಿದರು. 2011ರಲ್ಲಿ ಲೆಕ್ಕ ನೋಡಿದಾಗ ವಿಟಮಿನ್ ಇ ಗುಳಿಗೆ ತಿಂದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17ರಷ್ಟು ಜಾಸ್ತಿ ಇತ್ತು. ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆಂದು ಮಾರುತ್ತಿದ್ದ ಪಿಸಿ-ಸ್ಪೆಸ್ ಎಂಬ ಗಿಡಮೂಲಿಕೆ ಮಿಶ್ರಣವನ್ನು 2002ರಲ್ಲಿ ಮಾರುಕಟ್ಟೆಯಿಂದ ವಾಪಸು ತರಿಸಿದರು. ಪರೀಕ್ಷಿಸಿದಾಗ ಅದರೊಳಗೆ ರಕ್ತ ತೆಳು ಮಾಡುವ ವಾರ್ಫರಿನ್ ಇತ್ತು, ಕೃತಕ ಹೆಣ್ಣು ಹಾರ್ಮೋನೂ ಇತ್ತು.

ಆಟಿಯಲ್ಲಿ ಕೊಂಡು ದೀಪಾವಳಿಗೆ ಗುಣ

ಹಾಗಾದರೆ ‘ನನಗೆ ಗುಣ ಆಯ್ತು’ ಎನ್ನುವವರು ಸುಳ್ಳು ಹೇಳುತ್ತಾರಾ? ಇಲ್ಲ. ಅವರಿಗೆ ನಿಜವಾಗಿಯೂ ಹಗುರವಾಗಿರುತ್ತದೆ. ಅದಕ್ಕೆ ಕಾರಣ ಬೇರೆ ಇರಬಹುದು.

ಈ ತೊಂದರೆ ಏರುತ್ತದೆ, ಇಳಿಯುತ್ತದೆ. ಆಟಿ ತಿಂಗಳ ಜಡಿಮಳೆಯಲ್ಲಿ ಮೈ ಬೆವರುವುದಿಲ್ಲ. ಬೆವರಿನಲ್ಲಿ ಹೋಗಬೇಕಾದ ನೀರೂ ಮೂತ್ರವಾಗಿಯೇ ಹೋಗಬೇಕು. ತಣ್ಣಗಿನ ಹವೆಗೆ ಪ್ರಾಸ್ಟೇಟಿನ ಸ್ನಾಯು ಕೂಡ ಬಿಗಿಯುತ್ತದೆ. ಮಳೆಯಲ್ಲಿ ತೋಟಕ್ಕೆ ಇಳಿಯುವುದು ಕಮ್ಮಿ, ನಡಿಗೆ ಕಮ್ಮಿ, ಚಾ ಜಾಸ್ತಿ. ತೊಂದರೆ ತುದಿಗೇರುವುದು ಆಗಲೇ, ಜಾಹೀರಾತು ನೋಡಿ ಡಬ್ಬಿ ತರಿಸುವುದೂ ಆಗಲೇ. ದೀಪಾವಳಿಯ ಹೊತ್ತಿಗೆ ಬಿಸಿಲು ಬರುತ್ತದೆ, ಅಡಿಕೆ ಕೊಯ್ಲು ಶುರುವಾಗುತ್ತದೆ, ಓಡಾಟ ಹೆಚ್ಚುತ್ತದೆ. ತೊಂದರೆ ತಾನಾಗಿ ಇಳಿಯುತ್ತದೆ. ಹೆಸರು ಡಬ್ಬಿಗೆ ಬರುತ್ತದೆ.

ಇದನ್ನು ಬೇರ್ಪಡಿಸಿ ನೋಡಲೆಂದೇ ಮದ್ದಿಲ್ಲದ ಗುಳಿಗೆಯ ಜೊತೆ ಹೋಲಿಸುವುದು. ಬರೀ ಗುಳಿಗೆ ತಿಂದವರಲ್ಲೂ ಎಷ್ಟೋ ಮಂದಿ ಸುಧಾರಿಸುತ್ತಾರೆ.

ವೈದ್ಯರ ವಾದ, ಡಾಕ್ಟರರ ವಾದ

ಆಯುರ್ವೇದದವರ ವಾದವನ್ನು ಜಾಹೀರಾತಿನ ಜೊತೆ ಸೇರಿಸಿ ಬಿಡುವುದು ನ್ಯಾಯವಲ್ಲ. ಸುಶ್ರುತ ಸಂಹಿತೆ ಮೂತ್ರಾಘಾತದ, ಅಂದರೆ ಮೂತ್ರ ಕಟ್ಟುವ ತೊಂದರೆಯ, ಹನ್ನೆರಡು ಬಗೆಗಳನ್ನು ಹೇಳುತ್ತದೆ. ಅದರಲ್ಲಿ ವಾತಾಷ್ಠೀಲಾ ಎಂಬುದು ಕಲ್ಲಿನಂಥ ಗಂಟು ದಾರಿ ಕಟ್ಟುವ ಸ್ಥಿತಿ. ನೆಗ್ಗಿಲು, ವರುಣ, ಪುನರ್ನವ ಮುಂತಾದವನ್ನು ಇದಕ್ಕೆ ಬಳಸುತ್ತಾರೆ. ‘ನಾವು ರೋಗಿಯ ನಾಡಿ, ದೇಹ, ಊಟ ನೋಡಿ ಮದ್ದು ಕೊಡುತ್ತೇವೆ, ಎಲ್ಲರಿಗೂ ಒಂದೇ ಗುಳಿಗೆ ಕೊಡುವ ಅಧ್ಯಯನದಿಂದ ಅದನ್ನು ಅಳೆಯಲಾಗದು’ ಎಂಬುದು ಅವರ ಮಾತು. ಡಾಕ್ಟರರ ಉತ್ತರ: ಹಾಗಿದ್ದರೂ ಗುಣ ಆದವರ ಲೆಕ್ಕ, ಆಗದವರ ಲೆಕ್ಕ ಎರಡನ್ನೂ ಇಡಬಹುದಲ್ಲ. ಭಾರತದಲ್ಲಿ ನಡೆದಿರುವ ಅಧ್ಯಯನಗಳು ಸಣ್ಣವು, ಕೆಲವೇ ವಾರಗಳದ್ದು.

ಈ ವಾದದಲ್ಲಿ ಡಾಕ್ಟರರ ಕಡೆ ತೂಕ ಜಾಸ್ತಿ ಇದೆ. ಆದರೆ ಇಬ್ಬರೂ ಒಪ್ಪುವ ಒಂದು ಮಾತಿದೆ, ಅದೇ ಮುಖ್ಯ: ರೋಗಿಯನ್ನು ನೋಡದೆ ಮದ್ದು ಕೊಡಬಾರದು. ಕಾಸರಗೋಡಿನ ಸರಕಾರಿ ಆಯುರ್ವೇದ ಡಿಸ್ಪೆನ್ಸರಿಯ ವೈದ್ಯರು ಮೂತ್ರದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಕಳಿಸುತ್ತಾರೆ. ಫೋನಿನಲ್ಲಿ ಬರುವ ಡಬ್ಬಿ ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ.

ದುಡ್ಡು ಕೊಡದೆ ಸಿಗುವುದು

ಲಂಡನ್ನಿನಲ್ಲಿ 140 ಗಂಡಸರ ಮೇಲೆ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆ ಅಭ್ಯಾಸ ಬದಲಿಸುವ ಪಾಠ: ಯಾವಾಗ ಕುಡಿಯಬೇಕು, ಹೇಗೆ ಮೂತ್ರ ಮಾಡಬೇಕು, ಹೇಗೆ ತಡೆದುಕೊಳ್ಳಬೇಕು. ಮೂರು ತಿಂಗಳಲ್ಲಿ ಎಂದಿನ ಗುಂಪಿನ ಶೇಕಡಾ 42 ಮಂದಿಗೆ ಚಿಕಿತ್ಸೆ ಸೋತಿತ್ತು. ಪಾಠ ಕಲಿತವರಲ್ಲಿ ಶೇಕಡಾ 10 ಮಂದಿಗೆ ಮಾತ್ರ. ಯಾವ ಡಬ್ಬಿಗೂ ಇಂಥ ಅಂತರ ಸಿಕ್ಕಿಲ್ಲ. ನೈಸರ್ಗಿಕ ದಾರಿ ಬೇಕು ಎನ್ನುವವರಿಗೆ ಇದಕ್ಕಿಂತ ನೈಸರ್ಗಿಕ ಯಾವುದಿದೆ?

ಪಾಠ ಕಷ್ಟದ್ದಲ್ಲ. ದಿನಕ್ಕೆ ಬೇಕಾದ ನೀರನ್ನು ಸಂಜೆ ಆರರ ಒಳಗೆ ಕುಡಿದು ಮುಗಿಸುವುದು. ಮಲಗುವ ಮೊದಲಿನ ಎರಡು ಮೂರು ಗಂಟೆ ಗಂಜಿ, ಕಷಾಯ, ಚಾ ಇಲ್ಲ. ಕಾಫಿ, ಚಾ, ಮದ್ಯ ಮೂತ್ರಚೀಲವನ್ನು ಕೆರಳಿಸುತ್ತವೆ. ಒಟ್ಟು ನೀರನ್ನು ಕಮ್ಮಿ ಮಾಡಬಾರದು. ಇಲ್ಲಿಯವರು ಮಾಡುವ ಒಂದು ತಪ್ಪು ಇದು: ಮಂಗಳೂರಿಗೆ ಹೋಗುವ ದಿನ ಬಸ್ಸಿನಲ್ಲಿ ತೊಂದರೆ ಆಗದಿರಲಿ ಅಂತ ಬೆಳಗ್ಗಿನಿಂದ ನೀರೇ ಮುಟ್ಟುವುದಿಲ್ಲ. ಮೂತ್ರ ಗಟ್ಟಿಯಾಗಿ ಚೀಲವನ್ನು ಉರಿಸುತ್ತದೆ, ಅವಸರ ಮತ್ತೂ ಹೆಚ್ಚುತ್ತದೆ.

ಮೂತ್ರ ಮಾಡುವ ಕ್ರಮವೂ ಮುಖ್ಯ. ನಿಂತು ಮಾಡುವ ಬದಲು ಕೂತು ಮಾಡಿದರೆ ಈ ತೊಂದರೆ ಇರುವವರಲ್ಲಿ ಚೀಲದಲ್ಲಿ ಉಳಿಯುವ ಮೂತ್ರ ಕಮ್ಮಿಯಾಗುತ್ತದೆ. ನೆದರ್ಲೆಂಡಿನ ಸಂಶೋಧಕರು 2014ರಲ್ಲಿ ಹಲವು ಅಧ್ಯಯನಗಳನ್ನು ಸೇರಿಸಿ ಇದನ್ನು ತೋರಿಸಿದರು. ಕೂತು ಮೂತ್ರ ಮಾಡುವುದು ನಮ್ಮ ಹಿರಿಯರಿಗೆ ಹೊಸತೂ ಅಲ್ಲ. ಆದ ಮೇಲೆ ಕೂಡಲೇ ಏಳದೆ, ಅರ್ಧ ನಿಮಿಷ ತಡೆದು ಇನ್ನೊಮ್ಮೆ ಪ್ರಯತ್ನಿಸುವುದು. ತಿಣುಕಬಾರದು. ಮುಗಿದ ಮೇಲೆ ಬಟ್ಟೆಯಲ್ಲಿ ನಾಲ್ಕು ಹನಿ ಬೀಳುವವರು ವೃಷಣದ ಹಿಂದಿನ ಜಾಗವನ್ನು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ಒತ್ತಿಕೊಂಡು ಬಂದರೆ ನಾಳದಲ್ಲಿ ಉಳಿದದ್ದು ಹೊರಬರುತ್ತದೆ. ಎಷ್ಟೋ ಮಂದಿ ಈ ನಾಲ್ಕು ಹನಿಯ ಭಯಕ್ಕೇ ಮದುವೆ, ಉಪನಯನಕ್ಕೆ ಹೋಗುವುದನ್ನು ಬಿಟ್ಟಿರುತ್ತಾರೆ.

ನಡಿಗೆಯ ವಿಷಯ. ಅಮೆರಿಕದ ಆರೋಗ್ಯ ವೃತ್ತಿಯವರ ದೊಡ್ಡ ಅಧ್ಯಯನದ 1998ರ ವರದಿಯಲ್ಲಿ, ವಾರಕ್ಕೆ ಎರಡು ಮೂರು ಗಂಟೆ ನಡೆಯುವವರಲ್ಲಿ ಈ ಊತದ ತೊಂದರೆ ಶೇಕಡಾ 25ರಷ್ಟು ಕಮ್ಮಿ ಕಂಡಿತು. ನಡಿಗೆಯಿಂದಲೇ ಎಂದು ಇದರಿಂದ ಖಂಡಿತ ಹೇಳಲಾಗದು. ಆದರೆ ಬೊಜ್ಜು, ಸಕ್ಕರೆ ಕಾಯಿಲೆ ಇರುವವರಲ್ಲಿ ಪ್ರಾಸ್ಟೇಟ್ ದೊಡ್ಡದಾಗುವುದು ಜಾಸ್ತಿ ಎಂಬುದಕ್ಕೆ ಇದು ಹೊಂದುತ್ತದೆ. ತೋಟಕ್ಕೆ ಇಳಿಯುವುದನ್ನು ಬಿಟ್ಟು ಟಿವಿ ಮುಂದೆ ಕೂತವರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು.

ಒಂದು ಜಗ್ಗು, ಒಂದು ಪುಸ್ತಕ, ಮೂರು ದಿನ

ರಾತ್ರಿ ಏಳುವುದೆಲ್ಲ ಪ್ರಾಸ್ಟೇಟಿನಿಂದ ಅಲ್ಲ. ಇದನ್ನು ಮನೆಯಲ್ಲೇ ಕಂಡುಹಿಡಿಯಬಹುದು. ಅಳತೆಯ ಗೆರೆ ಇರುವ ಒಂದು ಪ್ಲಾಸ್ಟಿಕ್ ಜಗ್ಗನ್ನು ಬಚ್ಚಲಲ್ಲಿ ಇಡಿ. ಪಕ್ಕದಲ್ಲಿ ಒಂದು ಪುಸ್ತಕ, ಪೆನ್ನು. ಮೂರು ದಿನ, ಪ್ರತಿ ಸಲ ಗಂಟೆ ಮತ್ತು ಎಷ್ಟು ಎಂಎಲ್ ಎಂದು ಬರೆಯಿರಿ. ಕುಡಿದದ್ದನ್ನೂ ಬರೆಯಿರಿ, ಗಂಜಿಯ ತೆಳಿ ಸಮೇತ.

ಈಗ ಲೆಕ್ಕ. ಮಲಗಿದ ಮೇಲೆ ಎದ್ದು ಮಾಡಿದ್ದನ್ನೂ ಬೆಳಗ್ಗೆ ಎದ್ದ ಕೂಡಲೇ ಮಾಡಿದ್ದನ್ನೂ ಕೂಡಿಸಿ. ಒಟ್ಟು 24 ಗಂಟೆಯದ್ದು 1,500 ಎಂಎಲ್, ರಾತ್ರಿಯದ್ದು 700 ಎಂಎಲ್ ಎಂದಿಟ್ಟುಕೊಳ್ಳಿ. ವಯಸ್ಸಾದವರಲ್ಲಿ ರಾತ್ರಿಯ ಪಾಲು ಮೂರನೇ ಒಂದಂಶಕ್ಕಿಂತ ಹೆಚ್ಚಿದ್ದರೆ ದೇಹ ರಾತ್ರಿಯಲ್ಲೇ ಜಾಸ್ತಿ ಮೂತ್ರ ತಯಾರಿಸುತ್ತಿದೆ ಎಂದರ್ಥ. ಅದಕ್ಕೆ ಕಾರಣ ಪ್ರಾಸ್ಟೇಟ್ ಅಲ್ಲ. ಹೃದಯ ದುರ್ಬಲವಾಗಿರಬಹುದು, ನಿದ್ದೆಯಲ್ಲಿ ಉಸಿರು ಕಟ್ಟುತ್ತಿರಬಹುದು, ಕಾಲಲ್ಲಿ ನೀರು ಇಳಿದಿರಬಹುದು. ಹಗಲು ಕಾಲಿಗೆ ಇಳಿದ ನೀರು, ಮಲಗಿದಾಗ ರಕ್ತಕ್ಕೆ ವಾಪಸು ಬಂದು ಕಿಡ್ನಿಯ ಮೂಲಕ ಹೊರಗೆ ಹೋಗುತ್ತದೆ. ಬಿಪಿಯ ಕೆಲವು ಮಾತ್ರೆಗಳಿಂದಲೂ ಕಾಲು ಬೀಗುತ್ತದೆ. ಸಂಜೆ ನಾಲ್ಕರಿಂದ ಐದೂವರೆವರೆಗೆ ಕಾಲನ್ನು ದಿಂಬಿನ ಮೇಲೆ ಎತ್ತಿ ಇಟ್ಟು ಮಲಗಿದರೆ ಆ ನೀರು ರಾತ್ರಿಗೆ ಮುಂಚೆಯೇ ಹೋಗುತ್ತದೆ. ಒಟ್ಟು ಮೂತ್ರವೇ ದಿನಕ್ಕೆ ಮೂರು ಲೀಟರ್ ದಾಟಿದರೆ ಸಕ್ಕರೆ ಪರೀಕ್ಷೆ ಮಾಡಿಸಬೇಕು.

ಪ್ರತಿ ಸಲ 80, 100 ಎಂಎಲ್ ಮಾತ್ರ, ಆದರೆ ಪದೇ ಪದೇ, ಸಣ್ಣ ಧಾರೆಯಲ್ಲಿ ಎಂದಾದರೆ ಆಗ ಪ್ರಾಸ್ಟೇಟ್ ಅಥವಾ ಮೂತ್ರಚೀಲದ ಕಡೆ ನೋಡಬೇಕು. ನೋಡಿ, ಮೂರು ದಿನದ ಈ ಪುಸ್ತಕ ಹೇಳುವುದನ್ನು ಯಾವ ಡಬ್ಬಿಯೂ ಹೇಳಲಾರದು.

ಶೀತದ ಮಾತ್ರೆಯ ಅಪಾಯ

ಮಳೆಗಾಲದಲ್ಲಿ ಶೀತ ಆದರೆ ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ ತರುವುದು ಎಲ್ಲರ ರೂಢಿ. ಅಂಥ ಹಲವು ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಮತ್ತು ಕ್ಲೋರ್‌ಫೆನಿರಮೈನ್ ಎಂಬ ಎರಡು ಮದ್ದು ಇರುತ್ತವೆ. ಮೊದಲನೆಯದು ಮೂಗಿನ ರಕ್ತನಾಳವನ್ನು ಬಿಗಿಸುವ ಹಾಗೆಯೇ ಪ್ರಾಸ್ಟೇಟಿನ ಸ್ನಾಯುವನ್ನೂ ಬಿಗಿಸುತ್ತದೆ. ಎರಡನೆಯದು ಮೂತ್ರಚೀಲದ ಶಕ್ತಿ ಕುಂದಿಸುತ್ತದೆ. ಊತ ಇರುವವರಿಗೆ ರಾತ್ರೋರಾತ್ರಿ ಮೂತ್ರ ಪೂರ್ತಿ ಕಟ್ಟಬಹುದು. ಮಾತ್ರೆ ಕೊಳ್ಳುವಾಗ ‘ಪ್ರಾಸ್ಟೇಟ್ ಉಂಟು’ ಎಂದು ಅಂಗಡಿಯವರಿಗೆ ಹೇಳಲೇಬೇಕು.

ಪಿಎಸ್‌ಎ: ಮಾಡಿಸಬೇಕಾ, ಬೇಡವಾ?

2025ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದೆ ಎಂಬ ಸುದ್ದಿ ಬಂತು. ಎಲ್ಲರೂ ಪಿಎಸ್‌ಎ ಎಂಬ ರಕ್ತ ಪರೀಕ್ಷೆಯ ಬಗ್ಗೆ ಕೇಳತೊಡಗಿದರು. ಈ ಪರೀಕ್ಷೆಯ ಅಂಕೆ ಕ್ಯಾನ್ಸರಿಗೆ ಮಾತ್ರ ಏರುವುದಿಲ್ಲ. ಊತಕ್ಕೂ ಏರುತ್ತದೆ, ಸೋಂಕಿಗೂ ಏರುತ್ತದೆ. ಯುರೋಪಿನಲ್ಲಿ 55ರಿಂದ 69 ವಯಸ್ಸಿನ 1,60,000ಕ್ಕೂ ಹೆಚ್ಚು ಗಂಡಸರನ್ನು 23 ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2025ರಲ್ಲಿ ಬಂತು: ಪರೀಕ್ಷೆಗೆ ಕರೆದ 456 ಮಂದಿಯಲ್ಲಿ ಒಬ್ಬರ ಪ್ರಾಸ್ಟೇಟ್ ಕ್ಯಾನ್ಸರ್ ಸಾವು ತಪ್ಪಿತು. ಲಾಭ ಇದೆ. ಅದರ ಜೊತೆ, ಎಂದೂ ತೊಂದರೆ ಕೊಡದೇ ಇರುತ್ತಿದ್ದ ಕ್ಯಾನ್ಸರನ್ನು ಕಂಡು, ಹೆದರಿ, ಆಪರೇಷನ್ ಮಾಡಿಸಿಕೊಂಡವರೂ ಇದ್ದಾರೆ. ಅದಕ್ಕೇ ಅಮೆರಿಕದ ತಜ್ಞರ ಸಮಿತಿ 2018ರಲ್ಲಿ 55ರಿಂದ 69ರವರು ಡಾಕ್ಟರರ ಜೊತೆ ಮಾತಾಡಿ ನಿರ್ಧರಿಸಲಿ, 70 ದಾಟಿದವರಿಗೆ ಸುಮ್ನೆ ಮಾಡಿಸುವುದು ಬೇಡ ಎಂದಿತು. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಇದ್ದವರು ಮಾತ್ರ ಬೇಗನೇ ಕೇಳಬೇಕು. ಊತಕ್ಕೆ ಫಿನಾಸ್ಟರೈಡ್ ಮಾತ್ರೆ ತಿನ್ನುವವರು ಅದನ್ನು ಮರೆಯದೆ ಹೇಳಬೇಕು, ಏಕೆಂದರೆ ಆ ಮಾತ್ರೆ ಪಿಎಸ್‌ಎ ಅಂಕೆಯನ್ನು ಅರ್ಧಕ್ಕೆ ಇಳಿಸುತ್ತದೆ.

ಡಬ್ಬಿಯ ನಿಜವಾದ ಬೆಲೆ

ಡಬ್ಬಿಯಿಂದ ಆಗುವ ದೊಡ್ಡ ನಷ್ಟ ದುಡ್ಡಿನದ್ದಲ್ಲ, ಕಾಲದ್ದು. ದಾರಿ ಇರುಕಾದಷ್ಟೂ ಮೂತ್ರಚೀಲ ಜೋರಾಗಿ ಒತ್ತಬೇಕು. ಒತ್ತಿ ಒತ್ತಿ ಅದರ ಗೋಡೆ ದಪ್ಪವಾಗುತ್ತದೆ, ಕೊನೆಗೆ ಸೋಲುತ್ತದೆ. ಪೂರ್ತಿ ಖಾಲಿಯಾಗದೆ ಉಳಿದ ಮೂತ್ರದಲ್ಲಿ ಸೋಂಕು, ಕಲ್ಲು. ಒತ್ತಡ ಹಿಂದಕ್ಕೆ ಹೋಗಿ ಕಿಡ್ನಿ ಕೆಡುತ್ತದೆ. ಇದೆಲ್ಲ ನೋವಿಲ್ಲದೆಯೇ ನಡೆಯಬಹುದು. ಅಜ್ಜ ಹೊಸದಾಗಿ ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರು ಮಾಡಿದರೆ ‘ವಯಸ್ಸಾಯಿತು’ ಎಂದು ಬಿಡಬಾರದು. ಚೀಲ ತುಂಬಿ ತುಳುಕುತ್ತಿರುವ ಲಕ್ಷಣ ಅದಾಗಿರಬಹುದು.

ಮೂತ್ರ ಪೂರ್ತಿ ಕಟ್ಟಿ ಹೊಟ್ಟೆಯ ಕೆಳಭಾಗ ಉಬ್ಬಿ ನೋವಾದರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಚಳಿ ಜ್ವರದ ಜೊತೆ ಮೂತ್ರದ ತೊಂದರೆ ಬಂದರೂ ಕಾಯುವಂತಿಲ್ಲ. ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡರೂ ತೋರಿಸಬೇಕು. ತೂಕ ಇಳಿಯುತ್ತಾ ಬೆನ್ನುಮೂಳೆ ನೋಯುವುದು, ಕಾಲು ಸೋಲುವುದು ಇನ್ನೂ ಗಂಭೀರ.

ಇಷ್ಟಕ್ಕೆ ಬರುವ ಮೊದಲೇ ಮಾತ್ರೆಗಳು ಇವೆ. ಟಾಮ್ಸುಲೋಸಿನ್ ಸ್ನಾಯುವನ್ನು ಸಡಿಲಿಸುತ್ತದೆ, ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ. ಎದ್ದು ನಿಂತಾಗ ತಲೆ ಸುತ್ತಬಹುದು, ಹಾಗಾಗಿ ರಾತ್ರಿ ನಿಧಾನವಾಗಿ ಏಳಬೇಕು. ಫಿನಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತದೆ, ಆರು ತಿಂಗಳು ಬೇಕು. ಇದಕ್ಕೂ ಬಗ್ಗದಿದ್ದರೆ ಮೂತ್ರನಾಳದ ದಾರಿಯಲ್ಲೇ ಮಾಡುವ ಆಪರೇಷನ್.

ಕಾಸರಗೋಡಿನ ಕನ್ನಡಿಗರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರೇ. 2020ರ ಲಾಕ್‌ಡೌನಿನಲ್ಲಿ ಮಂಗಳೂರಿನ ದಾರಿಯ ತಲಪಾಡಿ ಗಡಿ ಮುಚ್ಚಿದಾಗ ಅದರ ಬೆಲೆ ಏನೆಂದು ಇಲ್ಲಿನವರು ಕಂಡಿದ್ದಾರೆ. ಆದರೆ ಈ ತೊಂದರೆಯ ಮೊದಲ ಹೆಜ್ಜೆಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಪಂಚಾಯತಿನ ಕುಟುಂಬಾರೋಗ್ಯ ಕೇಂದ್ರದಿಂದಲೇ ಶುರು ಮಾಡಬಹುದು. ಅಲ್ಲಿನ ಡಾಕ್ಟರ್ ಮಲಯಾಳದಲ್ಲಿ ಮಾತಾಡುತ್ತಾರೆ, ನಾಚಿಕೆಯ ವಿಷಯ ಬೇರೆ ಭಾಷೆಯಲ್ಲಿ ಹೇಗೆ ಹೇಳುವುದು ಎಂಬ ಅಳುಕು ಹಲವರಿಗಿದೆ. ಮೂತ್ರಕ್ಕೆ ಎರಡೂ ಭಾಷೆಯಲ್ಲಿ ಒಂದೇ ಶಬ್ದ. ಉಳಿದದ್ದಕ್ಕೆ ಜಗತ್ತಿನಾದ್ಯಂತ ಡಾಕ್ಟರರು ಬಳಸುವ ಏಳು ಪ್ರಶ್ನೆಗಳಿವೆ: ಪೂರ್ತಿ ಖಾಲಿಯಾಗಿಲ್ಲ ಅನಿಸುವುದು, ಎರಡು ಗಂಟೆಯೊಳಗೆ ಮತ್ತೆ ಹೋಗುವುದು, ನಿಂತು ನಿಂತು ಬರುವುದು, ತಡೆಯಲಾಗದ ಅವಸರ, ಸಣ್ಣ ಧಾರೆ, ಶುರು ಮಾಡಲು ತಿಣುಕುವುದು, ರಾತ್ರಿ ಏಳುವುದು. ಕಳೆದ ಒಂದು ತಿಂಗಳಲ್ಲಿ ಒಂದೊಂದೂ ಎಷ್ಟು ಸಲ ಎಂದು ಸೊನ್ನೆಯಿಂದ ಐದರವರೆಗೆ ಅಂಕ. ಒಟ್ಟು 7ರವರೆಗೆ ಬಂದರೆ ಸೌಮ್ಯ, 8ರಿಂದ 19 ಮಧ್ಯಮ, 20 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ಮೂರು ದಿನದ ಪುಸ್ತಕ, ಈ ಏಳು ಅಂಕಗಳ ಚೀಟಿ, ಈಗ ತಿನ್ನುತ್ತಿರುವ ಎಲ್ಲ ಮಾತ್ರೆ, ಕಷಾಯ, ಡಬ್ಬಿಗಳನ್ನು ಒಂದು ಚೀಲದಲ್ಲಿ ಹಾಕಿ ಕೊಂಡುಹೋದರೆ ಡಾಕ್ಟರರ ಮುಂದೆ ಅಜ್ಜ ಹೆಚ್ಚು ಮಾತಾಡಬೇಕಾಗಿಯೇ ಇಲ್ಲ.